ಪುಟ್ಟ ಮಗುವಿನೊಡನೆ ದೂರದ ಪಯಣ: ಅಡಚಣೆಗಳು, ಕಾರಣಗಳು, ಪರಿಹಾರಗಳು



ಪರೀಕ್ಷೆ ಮುಗಿದು ರಜೆ ಬಂತೆಂದರೆ ಮನೆಮನೆಯಲ್ಲೂ ಪ್ರವಾಸದ ಮಾತು ಏಳುತ್ತದೆ. ಬಯಲುಸೀಮೆಯವರಿಗೆ ಕಡಲು ನೋಡುವ ಆಸೆ, ಕರಾವಳಿಯವರಿಗೆ ಮೈಸೂರು, ಹಂಪಿ ನೋಡುವ ಆಸೆ. ಮನೆಯಲ್ಲಿ ಎರಡು ಮೂರು ವರ್ಷದ ಮಗುವೊಂದಿದ್ದರೆ ಪ್ರವಾಸದ ಸ್ವರೂಪವೇ ಬದಲಾಗುತ್ತದೆ. ದಾರಿಯಲ್ಲಿ ಮಗುವಿಗೆ ವಾಂತಿಯಾಗುತ್ತದೆ, ಎಂಜಿನ್ ಬಿಸಿಯೇರಿ ಕಾರು ನಿಲ್ಲುತ್ತದೆ, ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚುತ್ತದೆ. ಹೀಗಾದಾಗ ಹಿರಿಯರು ‘ಹೊರಟ ಗಳಿಗೆ ಸರಿಯಿರಲಿಲ್ಲ’ ಎಂದು ನಿಟ್ಟುಸಿರು ಬಿಡುವುದುಂಟು.

ಆದರೆ ಈ ಅಡಚಣೆಗಳಲ್ಲಿ ಹೆಚ್ಚಿನವುಗಳಿಗೆ ಕಾರಣಗಳಿವೆ. ಆ ಕಾರಣಗಳಲ್ಲಿ ಅನೇಕವನ್ನು ನೀವು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಪಾಠಗಳಲ್ಲಿ ಈಗಾಗಲೇ ಓದಿದ್ದೀರಿ. ಕಾರಣ ತಿಳಿದರೆ ಕೆಲವು ತೊಂದರೆಗಳನ್ನು ತಪ್ಪಿಸಬಹುದು, ಉಳಿದವನ್ನು ಗಾಬರಿಯಿಲ್ಲದೆ ಎದುರಿಸಬಹುದು. ಅದು ಹೇಗೆಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಬೆಂಗಳೂರಿನಿಂದ ಮಂಗಳೂರಿಗೆ ಕಾರಿನಲ್ಲಿ ಹೊರಟ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಕಾರು ಓಡಿಸುವವರು ನಿಮ್ಮ ಭಾವ. ಜೊತೆಗೆ ಅಕ್ಕ, ಅಜ್ಜಿ, ಅಕ್ಕನ ಎರಡು ವರ್ಷದ ಮಗಳು ಪುಟ್ಟಿ ಮತ್ತು ನೀವು. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು, ಗುಂಡ್ಯ, ಉಪ್ಪಿನಂಗಡಿ, ಬಿ.ಸಿ.ರೋಡು ಮಾರ್ಗವಾಗಿ ಸುಮಾರು 350 ಕಿಲೋಮೀಟರ್ ಪಯಣ.

ಮಗು ಎಂದರೆ ಪುಟ್ಟ ಗಾತ್ರದ ದೊಡ್ಡವರಲ್ಲ

ಮೊದಲು ತಿಳಿಯಬೇಕಾದ ಸಂಗತಿ ಇದು. ಮಗುವಿನ ದೇಹ ದೊಡ್ಡವರ ದೇಹದ ಚಿಕ್ಕ ಪ್ರತಿಯಲ್ಲ, ಅದರ ಲೆಕ್ಕಾಚಾರವೇ ಬೇರೆ.

ಒಂದು ಸೆಂಟಿಮೀಟರ್ ಬಾಹುವಿನ ಘನವನ್ನು ತೆಗೆದುಕೊಳ್ಳಿ. ಅದರ ಮೇಲ್ಮೈ ವಿಸ್ತೀರ್ಣ 6 ಚದರ ಸೆಂಟಿಮೀಟರ್, ಘನಫಲ 1 ಘನ ಸೆಂಟಿಮೀಟರ್. ಬಾಹುವನ್ನು ಎರಡು ಸೆಂಟಿಮೀಟರ್ ಮಾಡಿದರೆ ಮೇಲ್ಮೈ 24, ಘನಫಲ 8. ಅಂದರೆ ಪ್ರತಿ ಘನ ಸೆಂಟಿಮೀಟರಿಗೆ ಚಿಕ್ಕದರಲ್ಲಿ 6 ಚದರ ಸೆಂಟಿಮೀಟರ್ ಮೇಲ್ಮೈ ಇದ್ದರೆ ದೊಡ್ಡದರಲ್ಲಿ ಕೇವಲ 3. ವಸ್ತು ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದಾಗ ಮೇಲ್ಮೈ ಹೆಚ್ಚು. ಪುಟ್ಟ ದೇಹ ಬಿಸಿಲಿನಲ್ಲಿ ಬೇಗ ಬಿಸಿಯಾಗುವುದಕ್ಕೂ ಚಳಿಯಲ್ಲಿ ಬೇಗ ತಣ್ಣಗಾಗುವುದಕ್ಕೂ ಇದು ಮುಖ್ಯ ಕಾರಣ.

ಇನ್ನು ನೀರಿನ ಲೆಕ್ಕ. ವಾಂತಿ ಭೇದಿಯಿಂದ 600 ಮಿಲಿಲೀಟರ್ ನೀರು ನಷ್ಟವಾಯಿತೆನ್ನಿ. 60 ಕಿಲೋ ತೂಕದ ನಿಮ್ಮ ಭಾವನಿಗೆ ಅದು ದೇಹದ ತೂಕದ ನೂರಕ್ಕೆ ಒಂದು ಪಾಲು. ಒಂದು ದೊಡ್ಡ ಲೋಟ ನೀರು, ಒಂದು ಎಳನೀರು ಕುಡಿದರೆ ಮುಗಿಯಿತು. ಆದರೆ 12 ಕಿಲೋ ತೂಕದ ಪುಟ್ಟಿಗೆ ಅದೇ 600 ಮಿಲಿಲೀಟರ್ ಎಂದರೆ ನೂರಕ್ಕೆ ಐದು ಪಾಲು. ವೈದ್ಯರು ಅದನ್ನು ನಿರ್ಜಲೀಕರಣವೆಂದೇ ಪರಿಗಣಿಸುತ್ತಾರೆ.

ಮೂರನೆಯದಾಗಿ, ಎರಡು ವರ್ಷದ ಮಗುವಿನ ತಲೆ ದೇಹದ ಉದ್ದದ ಸುಮಾರು ಐದನೇ ಒಂದು ಭಾಗದಷ್ಟಿರುತ್ತದೆ. ಕತ್ತಿನ ಸ್ನಾಯುಗಳು ಇನ್ನೂ ಬಲಿತಿರುವುದಿಲ್ಲ. ಗಾಡಿ ಗಕ್ಕನೆ ನಿಂತಾಗ ಭಾರವಾದ ತಲೆ ಮುಂದಕ್ಕೆ ಬಾಗಿ ಕತ್ತಿನ ಮೇಲೆ ಬಲ ಬೀಳುತ್ತದೆ. ಕೊನೆಯದಾಗಿ, ಮಗು ತನಗೇನಾಗುತ್ತಿದೆ ಎಂದು ಹೇಳಲಾರದು. ‘ತಲೆ ತಿರುಗುತ್ತಿದೆ’, ‘ಕಿವಿ ನೋಯುತ್ತಿದೆ’, ‘ಬಾಯಿ ಒಣಗಿದೆ’, ಈ ಮೂರಕ್ಕೂ ಅದರ ಬಳಿ ಇರುವುದು ಒಂದೇ ಭಾಷೆ, ಅಳು. ಆದ್ದರಿಂದ ಮಗುವಿನ ಪರವಾಗಿ ಯಾರಾದರೊಬ್ಬರು ಗಮನಿಸುತ್ತಿರಬೇಕು.

ಮಡಿಲು ಸುರಕ್ಷಿತವೇ?

‘ಕೊಡೇ ಇಲ್ಲಿ ಮಗೂನ, ನನ್ನ ಮಡಿಲಲ್ಲೇ ಇರಲಿ’ ಎಂದು ಅಜ್ಜಿ ಕೈಚಾಚುತ್ತಾರೆ. ಅದರಲ್ಲಿ ಪ್ರೀತಿಯಿದೆ. ಆದರೆ ನ್ಯೂಟನ್ನನ ನಿಯಮಕ್ಕೆ ಪ್ರೀತಿ ತಿಳಿಯದು.

ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಅಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಎದುರಿನ ವಾಹನಕ್ಕೆ ಡಿಕ್ಕಿ ಹೊಡೆದು 0.1 ಸೆಕೆಂಡಿನಲ್ಲಿ ನಿಂತಿತೆನ್ನಿ. ಜಡತ್ವದಿಂದಾಗಿ ಮಗು ಅದೇ ವೇಗದಲ್ಲಿ ಮುಂದಕ್ಕೆ ಸಾಗುತ್ತಿರುತ್ತದೆ. ಅದನ್ನು ಅಷ್ಟೇ ಸಮಯದಲ್ಲಿ ನಿಲ್ಲಿಸಲು ಬೇಕಾದ ಬಲ ಎಷ್ಟು? ವೇಗದ ಬದಲಾವಣೆಯನ್ನು ಸಮಯದಿಂದ ಭಾಗಿಸಿದರೆ 139, ಅದನ್ನು 12 ಕಿಲೋದಿಂದ ಗುಣಿಸಿದರೆ ಸುಮಾರು 1,670 ನ್ಯೂಟನ್. ಇದು 170 ಕಿಲೋ ಭಾರವನ್ನು ಎತ್ತಿ ಹಿಡಿದುಕೊಳ್ಳುವುದಕ್ಕೆ ಸಮ. ಅಜ್ಜಿಯಿರಲಿ, ಪೈಲ್ವಾನರೂ ಆ ಕ್ಷಣದಲ್ಲಿ ಮಗುವನ್ನು ಹಿಡಿದುಕೊಳ್ಳಲಾರರು. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ ಎಂಬುದನ್ನೂ ನೆನಪಿಡಿ.

ಆದ್ದರಿಂದಲೇ ಮಕ್ಕಳಿಗಾಗಿ ಪ್ರತ್ಯೇಕ ಆಸನಗಳಿವೆ. ಅವನ್ನು ಕಾರಿನ ಹಿಂಬದಿಯ ಸೀಟಿಗೆ ಬಿಗಿಯಾಗಿ ಕಟ್ಟಬೇಕು. ಆಸನದ ಮೇಲೆ ನಮೂದಿಸಿರುವ ತೂಕ ಮತ್ತು ಎತ್ತರದ ಮಿತಿಯವರೆಗೆ ಮಗುವಿನ ಮುಖ ಕಾರಿನ ಹಿಂಭಾಗಕ್ಕೆ ತಿರುಗಿರುವುದು ಒಳ್ಳೆಯದು. ಆಗ ಡಿಕ್ಕಿಯ ಬಲ ಕತ್ತಿನ ಮೇಲೆ ಬೀಳದೆ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಏರ್‌ಬ್ಯಾಗ್ ಕೆಲಸ ಮಾಡುವ ಮುಂದಿನ ಸೀಟಿನಲ್ಲಿ ಇಂಥ ಆಸನವನ್ನು ಎಂದೂ ಇಡಬಾರದು, ಬಿರುಸಿನಿಂದ ಉಬ್ಬುವ ಚೀಲವೇ ಮಗುವಿಗೆ ಮಾರಕವಾಗುತ್ತದೆ. ಒಂದೇ ಬೆಲ್ಟನ್ನು ದೊಡ್ಡವರಿಗೂ ಮಡಿಲಿನ ಮಗುವಿಗೂ ಸೇರಿಸಿ ಕಟ್ಟುವುದಂತೂ ಅಪಾಯಕರ, ದೊಡ್ಡವರ ಭಾರವೆಲ್ಲ ಮಗುವನ್ನು ಅದುಮುತ್ತದೆ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ 194ಬಿ ಕಲಮು ಸೇರಿತು. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಾಗಲಿ ಮಕ್ಕಳ ಆಸನವಾಗಲಿ ಇಲ್ಲದೆ ಕಾರಿನಲ್ಲಿ ಕರೆದೊಯ್ದರೆ ಒಂದು ಸಾವಿರ ರೂಪಾಯಿ ದಂಡವನ್ನು ಅದು ವಿಧಿಸುತ್ತದೆ. ದ್ವಿಚಕ್ರ ವಾಹನಕ್ಕೆ ಸಂಬಂಧಿಸಿದಂತೆ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಸುರಕ್ಷಾ ಪಟ್ಟಿ ಮತ್ತು ಹೆಲ್ಮೆಟ್ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2023ರ ಫೆಬ್ರವರಿ 15ರಿಂದ ಜಾರಿಗೆ ಬಂದಿದೆ.

ವೇಳಾಪಟ್ಟಿ ಯಾರದು?

350 ಕಿಲೋಮೀಟರನ್ನು ಗಂಟೆಗೆ ಸರಾಸರಿ 50 ಕಿಲೋಮೀಟರಿನಂತೆ ಭಾಗಿಸಿದರೆ 7 ಗಂಟೆ. ‘ಬೆಳಿಗ್ಗೆ ಎಂಟಕ್ಕೆ ಹೊರಟರೆ ಮೂರಕ್ಕೆ ಸಮುದ್ರ’ ಎಂದು ಭಾವ ಲೆಕ್ಕ ಹಾಕುತ್ತಾರೆ. ಈ ಲೆಕ್ಕದಲ್ಲಿ ಮಗುವೇ ಇಲ್ಲ. ಪುಟ್ಟ ಮಗು ಎರಡು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಭಂಗಿಯಲ್ಲಿ ಕುಳಿತಿರಲಾರದು. ಎರಡು ಗಂಟೆಗೊಮ್ಮೆ ಅರ್ಧ ಗಂಟೆಯಂತೆ ಮೂರು ನಿಲುಗಡೆ, ಊಟಕ್ಕೆ ಒಂದು ಗಂಟೆ ಸೇರಿಸಿದರೆ ಒಂಬತ್ತೂವರೆ ಗಂಟೆಯಾಗುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟರೆ ಬೇಸಿಗೆಯ ಬಿಸಿಲು ಏರುವ ಮುನ್ನ ಬಯಲುಸೀಮೆಯ ಬಹುಭಾಗ ದಾಟಬಹುದು, ಹಗಲ ಬೆಳಕಿನಲ್ಲೇ ಘಾಟಿ ಇಳಿಯಬಹುದು. ಇಷ್ಟು ಸಮಯವಿಲ್ಲದಿದ್ದರೆ ಹಾಸನದಲ್ಲೋ ಸಕಲೇಶಪುರದಲ್ಲೋ ರಾತ್ರಿ ತಂಗಿ ಮರುದಿನ ಮುಂದುವರಿಯುವುದು ಜಾಣತನ.

ಮಗುವಿನ ನಿದ್ದೆಯ ಹೊತ್ತು ಯಾವುದು, ಹಸಿವಿನ ಹೊತ್ತು ಯಾವುದು ಎಂಬುದು ಅಕ್ಕನಿಗೆ ಗೊತ್ತು. ನಿದ್ದೆಯ ಹೊತ್ತಿನಲ್ಲಿ ದೂರ ಸಾಗಿ, ಎಚ್ಚರದ ಹೊತ್ತಿನಲ್ಲಿ ನಿಲ್ಲುವಂತೆ ಯೋಜಿಸಿದರೆ ಅಳು ತಾನಾಗಿ ಕಡಿಮೆಯಾಗುತ್ತದೆ. ಅಳು ನಿಲ್ಲಿಸಲೆಂದು ಮೊಬೈಲ್ ಕೈಗಿಡುವ ರೂಢಿ ಈಗ ಹೆಚ್ಚಾಗಿದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ಮಾಡಿತು. ಅದಕ್ಕಿಂತ ಕಿಟಕಿಯಾಚೆಯ ಎಮ್ಮೆ, ಟ್ರ್ಯಾಕ್ಟರು, ತೆಂಗಿನ ತೋಟಗಳನ್ನು ತೋರಿಸಿ ಮಾತಾಡಿಸಿ. ಅಳು ನಿಲ್ಲದಿದ್ದರೆ ಕಾರನ್ನೇ ನಿಲ್ಲಿಸಬೇಕು. ಹಿಂದೆ ಮಗು ಕಿರುಚುತ್ತಿದ್ದರೆ ಓಡಿಸುವವರ ಗಮನ ರಸ್ತೆಯ ಮೇಲಿರುವುದಿಲ್ಲ.

ಬುತ್ತಿಯ ವಿಷಯದಲ್ಲೂ ಎಚ್ಚರ ಬೇಕು. ಇಡಿಯ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಗಟ್ಟಿ ಚಕ್ಕುಲಿ ಇವು ಪುಟ್ಟ ಮಕ್ಕಳ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಿಸಬಹುದು. ಬಾಳೆಹಣ್ಣು, ಇಡ್ಲಿ, ನೆನೆಸಿದ ಅವಲಕ್ಕಿಯಂಥ ಮೃದು ಆಹಾರವನ್ನು ಕಾರು ನಿಂತಾಗ ಕೊಡಿ.

ಮೊದಲ ಅಡಚಣೆ: ಬಿಸಿಯೇರಿದ ಎಂಜಿನ್

ಚನ್ನರಾಯಪಟ್ಟಣದ ಹತ್ತಿರ ಕಾರಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ, ಬಾನೆಟ್ಟಿನಿಂದ ಹಬೆ ಏಳುತ್ತದೆ. ಎಂಜಿನ್ನಿನ ಸುತ್ತ ಹರಿಯುವ ದ್ರವ ಅದರ ಶಾಖವನ್ನು ಹೊತ್ತು ರೇಡಿಯೇಟರಿಗೆ ತರುತ್ತದೆ, ಅಲ್ಲಿ ಗಾಳಿ ಆ ಶಾಖವನ್ನು ಒಯ್ಯುತ್ತದೆ. ದ್ರವ ಸೋರಿದರೆ, ಫ್ಯಾನು ನಿಂತರೆ, ಪಂಪು ಕೆಟ್ಟರೆ ಶಾಖ ಉಳಿದುಬಿಡುತ್ತದೆ.

ಆಗ ಮಾಡಬೇಕಾದ್ದು ಕಾರನ್ನು ರಸ್ತೆಯಂಚಿಗೆ ತಂದು ಎಂಜಿನ್ ನಿಲ್ಲಿಸುವುದು. ಮಾಡಬಾರದ್ದು ರೇಡಿಯೇಟರಿನ ಮುಚ್ಚಳ ತೆರೆಯುವುದು. ಮನೆಯ ಪ್ರೆಷರ್ ಕುಕ್ಕರನ್ನು ನೆನಪಿಸಿಕೊಳ್ಳಿ. ಒತ್ತಡ ವಾಯುಮಂಡಲದ ಎರಡರಷ್ಟಾದರೆ ನೀರು 100 ಡಿಗ್ರಿಗಲ್ಲ, ಸುಮಾರು 120 ಡಿಗ್ರಿ ಸೆಲ್ಸಿಯಸ್ಸಿಗೆ ಕುದಿಯುತ್ತದೆ. ರೇಡಿಯೇಟರಿನೊಳಗೂ ಹೀಗೆಯೇ ದ್ರವ ಒತ್ತಡದಲ್ಲಿರುತ್ತದೆ. ಮುಚ್ಚಳ ತೆರೆದ ಕೂಡಲೇ ಒತ್ತಡ ಇಳಿದು ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾದು, ಪೂರ್ತಿ ತಣಿದ ಮೇಲೆ ಮಾತ್ರ ಮುಟ್ಟಬೇಕು.

ಟೈರು ಪಂಕ್ಚರ್ ಆದಾಗಲೂ ಕ್ರಮ ಇಂಥದೇ. ಸ್ಟೆಪ್ನಿ ಹಾಕುವ ಮೊದಲು ಎಲ್ಲರೂ ಇಳಿಯಬೇಕು. ಮಗುವನ್ನು ಎತ್ತಿಕೊಂಡು ರಸ್ತೆಯಿಂದ ದೂರ, ತಡೆಗೋಡೆಯಿದ್ದರೆ ಅದರಾಚೆ ನಿಲ್ಲಬೇಕು. ಜ್ಯಾಕ್ ಮೇಲೆ ನಿಂತ ಕಾರಿನಲ್ಲಿ ಯಾರೂ ಕೂರಬಾರದು.

ಈ ಗಡಿಬಿಡಿಯಲ್ಲೇ ಅತಿ ದೊಡ್ಡ ಅಪಾಯ ಅಡಗಿದೆ. ‘ಹೊರಗೆ ಬಿಸಿಲು, ಮಗು ಕಾರಿನಲ್ಲೇ ಮಲಗಿರಲಿ’ ಎಂದು ಯಾರೋ ಹೇಳುತ್ತಾರೆ. ಸೂರ್ಯನ ಬೆಳಕು ಗಾಜಿನ ಮೂಲಕ ಸುಲಭವಾಗಿ ಒಳಬರುತ್ತದೆ, ಸೀಟುಗಳನ್ನು ಬಿಸಿ ಮಾಡುತ್ತದೆ. ಆ ಬಿಸಿ ವಸ್ತುಗಳು ಸೂಸುವ ಅವಕೆಂಪು ಕಿರಣಗಳು ಗಾಜನ್ನು ದಾಟಿ ಹೊರಹೋಗಲಾರವು, ಬಿಸಿ ಗಾಳಿಗೂ ಹೊರದಾರಿಯಿಲ್ಲ. ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನ ಉಷ್ಣತೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆಂದು ಪ್ರಯೋಗಗಳಿಂದ ತಿಳಿದಿದೆ. ಕಿಟಕಿಯನ್ನು ಎರಡು ಬೆರಳು ತೆರೆದಿಟ್ಟರೂ ಹೆಚ್ಚಿನ ವ್ಯತ್ಯಾಸವಾಗದು. ಹೊರಗೆ 33 ಡಿಗ್ರಿಯಿದ್ದರೆ ಒಳಗೆ ಹತ್ತು ನಿಮಿಷದೊಳಗೆ 40 ದಾಟುತ್ತದೆ. ಹೀಗೆ ಮಕ್ಕಳು ಸತ್ತಿರುವುದುಂಟು. ಒಂದು ನಿಮಿಷಕ್ಕೆಂದೂ ಮಗುವನ್ನು ಮುಚ್ಚಿದ ಕಾರಿನಲ್ಲಿ ಬಿಡಕೂಡದು.

ಮಗು ಅಳದಿರಲೆಂದು ಕಾರಿನ ಕೀ ಗೊಂಚಲನ್ನು ಆಟಕ್ಕೆ ಕೊಡುವ ಅಭ್ಯಾಸವೂ ಒಳ್ಳೆಯದಲ್ಲ. ಗುಂಡಿ ಒತ್ತಿ ಒಳಗಿನಿಂದ ಬೀಗ ಹಾಕಿಕೊಂಡರೆ ಹೊರಗಿನವರು ತೆರೆಯುವಂತಿಲ್ಲ. ಅಂಥ ಸಂದರ್ಭ ಬಂದರೆ 112ಕ್ಕೆ ಕರೆ ಮಾಡಿ. ಮಗು ಬೆವರಿ ಬಳಲುತ್ತಿದ್ದರೆ ಕಾಯದೆ, ಮಗುವಿನಿಂದ ಅತಿ ದೂರದ ಕಿಟಕಿಯ ಗಾಜು ಒಡೆಯಿರಿ. ಗಾಜಿಗೆ ಬೆಲೆ ಕಟ್ಟಬಹುದು.

ಎರಡನೆಯ ಅಡಚಣೆ: ವಾಂತಿ, ಭೇದಿ

ಹಾಸನ ದಾಟುವಷ್ಟರಲ್ಲಿ ಪುಟ್ಟಿ ಎರಡು ಸಲ ವಾಂತಿ ಮಾಡಿಕೊಂಡಿದ್ದಾಳೆ, ಮೂರು ಸಲ ಭೇದಿಯಾಗಿದೆ. ದಾರಿಯ ನೀರೋ ಆಹಾರವೋ ಕಾರಣವಿರಬಹುದು. ‘ಏನೂ ಕೊಡಬೇಡಿ, ಹೊಟ್ಟೆ ಖಾಲಿ ಇರಲಿ’ ಎನ್ನುವವರೂ ಇರುತ್ತಾರೆ. ಇದು ತಪ್ಪು ತಿಳಿವಳಿಕೆ. ನಷ್ಟವಾದ ನೀರು ಮತ್ತು ಲವಣವನ್ನು ಮರಳಿ ತುಂಬಿಸುವುದೇ ಚಿಕಿತ್ಸೆ.

ಆದರೆ ಬರಿಯ ನೀರು ಏಕೆ ಸಾಲದು? ನಮ್ಮ ಸಣ್ಣಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಒಳಗೆ ಸೆಳೆದುಕೊಳ್ಳುವ ವ್ಯವಸ್ಥೆಯಿದೆ. ಭೇದಿಯಾಗುತ್ತಿರುವಾಗಲೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ಉಪ್ಪು ಸಕ್ಕರೆಗಳು ಒಳಹೋದಂತೆ ನೀರೂ ಹಿಂಬಾಲಿಸುತ್ತದೆ. ಓ.ಆರ್.ಎಸ್. ಪುಡಿಯ ಗುಟ್ಟು ಇಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡಿಗೆ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತವೆ.

ಈ ಸರಳ ದ್ರಾವಣದ ಶಕ್ತಿಯನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದವರು ಭಾರತೀಯ ವೈದ್ಯ ಡಾ. ದಿಲೀಪ್ ಮಹಲನೋಬಿಸ್. 1971ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಕಷ್ಟಿರಲಿಲ್ಲ. ಅವರು ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ರೋಗಿಗಳ ಬಂಧುಗಳೇ ಕುಡಿಸುವಂತೆ ಮಾಡಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಇಂದು ಅದೇ ತತ್ತ್ವ ಕೆಲವೇ ರೂಪಾಯಿಯ ಪೊಟ್ಟಣವಾಗಿ ನಿಮ್ಮ ಚೀಲದಲ್ಲಿರಬಹುದು.

ಬಳಸುವ ಕ್ರಮ ಹೀಗಿದೆ. ಪೊಟ್ಟಣದ ಮೇಲೆ ಒಂದು ಲೀಟರಿಗೆಂದಿದ್ದರೆ ಪೂರ್ತಿ ಪುಡಿಯನ್ನು ಒಂದು ಲೀಟರ್ ಶುದ್ಧ ನೀರಿಗೇ ಹಾಕಬೇಕು. ಅರ್ಧ ಲೋಟಕ್ಕೆ ಗಟ್ಟಿಯಾಗಿ ಕಲಸಿದರೆ ಮಗುವಿನ ರಕ್ತದಲ್ಲಿ ಉಪ್ಪು ಅತಿಯಾಗಿ ಅಪಾಯವಾಗುತ್ತದೆ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನವರಿಗೆ 50ರಿಂದ 100, ಎರಡು ವರ್ಷ ತುಂಬಿದವರಿಗೆ 100ರಿಂದ 200 ಮಿಲಿಲೀಟರ್ ಕೊಡಿ. ಒಂದೊಂದೇ ಚಮಚ, ನಿಧಾನವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮುಂದುವರಿಸಿ. ಎದೆಹಾಲು ಕುಡಿಯುವ ಮಗುವಿಗೆ ಅದನ್ನು ನಿಲ್ಲಿಸಬಾರದು. ಕಲಸಿದ ದ್ರಾವಣವನ್ನು 24 ಗಂಟೆಯ ನಂತರ ಚೆಲ್ಲಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಬಹುದು. ದಾರಿಯುದ್ದಕ್ಕೂ ಸಿಗುವ ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಅದು ಓ.ಆರ್.ಎಸ್.ಗೆ ಬದಲಿಯಲ್ಲ. ಬಣ್ಣದ ಸಿಹಿ ಪಾನೀಯಗಳು ಭೇದಿಯನ್ನು ಹೆಚ್ಚಿಸಬಹುದು.

ಕಣ್ಣು ಗುಳಿಬಿದ್ದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಆರು ಗಂಟೆಯಿಂದ ಮೂತ್ರವಾಗದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ನಿಧಾನವಾಗಿ ಸಮವಾದರೆ, ಭೇದಿಯಲ್ಲಿ ರಕ್ತವಿದ್ದರೆ, ಮಗು ಮಂಕಾಗಿ ಕುಡಿಯಲು ಒಲ್ಲದಿದ್ದರೆ ಪ್ರವಾಸ ಅಲ್ಲಿಗೆ ನಿಂತಿತೆಂದು ತಿಳಿಯಿರಿ. ಮುಂದಿನ ಊರಿನ ಆಸ್ಪತ್ರೆಗೆ ಹೋಗಬೇಕು. ‘ಇನ್ನು ಮೂರು ಗಂಟೆ, ಮಂಗಳೂರಿನಲ್ಲೇ ತೋರಿಸೋಣ’ ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ಮುಂದೆ ಘಾಟಿಯಿದೆ, ಅಲ್ಲಿ ಮೂರು ಗಂಟೆ ಆರಾಗಬಹುದು.

ಮೂರನೆಯ ಅಡಚಣೆ: ಘಾಟಿ

ವಾಂತಿಯೆಲ್ಲ ಹೊಟ್ಟೆಯ ರೋಗವಲ್ಲ. ಘಾಟಿಯ ತಿರುವುಗಳಲ್ಲಿ ಬರುವ ವಾಂತಿಗೆ ಕಾರಣ ಕಿವಿ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ದ್ರವ ಚಲಿಸಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಕಾರಿನೊಳಗೆ ಮೊಬೈಲನ್ನೋ ಪುಸ್ತಕವನ್ನೋ ನೋಡುತ್ತಿದ್ದರೆ ಕಣ್ಣು ‘ನಿಂತಿದ್ದೇವೆ’ ಎನ್ನುತ್ತದೆ, ಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ. ಈ ಎರಡು ಸುದ್ದಿಗಳ ತಿಕ್ಕಾಟದಿಂದ ಓಕರಿಕೆ ಬರುತ್ತದೆ. ಎರಡು ವರ್ಷದೊಳಗಿನವರಲ್ಲಿ ಇದು ವಿರಳ, ಎರಡರಿಂದ ಹನ್ನೆರಡರವರೆಗೆ ಹೆಚ್ಚು. ಹೊಟ್ಟೆ ತುಂಬ ತಿನ್ನಿಸದೆ, ಕಿಟಕಿಯ ಗಾಳಿ ಬಿಟ್ಟು, ದೂರದ ಬೆಟ್ಟ ತೋರಿಸಿದರೆ ಅನುಕೂಲ. ವೈದ್ಯರನ್ನು ಕೇಳದೆ ಪುಟ್ಟ ಮಕ್ಕಳಿಗೆ ವಾಂತಿ ಮಾತ್ರೆ ಕೊಡಬಾರದು.

ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಗುಂಡ್ಯಕ್ಕೆ ಸುಮಾರು 800 ಮೀಟರ್ ಇಳಿಯುವಾಗ ಗಾಳಿಯ ಒತ್ತಡ ನೂರಕ್ಕೆ ಎಂಟು ಹತ್ತರಷ್ಟು ಏರುತ್ತದೆ. ಕಿವಿಯ ತಮಟೆಯ ಎರಡು ಬದಿಯ ಒತ್ತಡ ಸಮವಾಗದೆ ಕಿವಿ ಕಟ್ಟುತ್ತದೆ. ನಾವು ಎಂಜಲು ನುಂಗಿದಾಗ ಗಂಟಲಿಗೂ ಮಧ್ಯಕಿವಿಗೂ ನಡುವಿನ ಯೂಸ್ಟೇಶಿಯನ್ ನಾಳ ತೆರೆದು ಒತ್ತಡ ಸಮವಾಗುತ್ತದೆ. ಮಗುವಿಗೆ ಇದು ಗೊತ್ತಿಲ್ಲ, ಅದು ಅಳುತ್ತದೆ. ಇಳಿಯುವಾಗ ಆಗಾಗ ಕಾರು ನಿಲ್ಲಿಸಿ ಒಂದೊಂದು ಗುಟುಕು ನೀರು ಕುಡಿಸಿದರೆ ಸಾಕು.

ಓಡಿಸುವವರಿಗೂ ಒಂದು ಲೆಕ್ಕವಿದೆ. ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಕಾರು 800 ಮೀಟರ್ ಇಳಿದಾಗ ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ ಸುಮಾರು 1 ಕೋಟಿ 18 ಲಕ್ಷ ಜೂಲ್. ಇಷ್ಟು ಶಕ್ತಿ 37 ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಬಲ್ಲದು. ಸದಾ ಬ್ರೇಕ್ ಒತ್ತಿಹಿಡಿದು ಇಳಿದರೆ ಇದರ ಬಹುಪಾಲು ಬ್ರೇಕುಗಳಲ್ಲೇ ಶಾಖವಾಗಿ ಅವು ಹಿಡಿತ ಕಳೆದುಕೊಳ್ಳುತ್ತವೆ. ಆದ್ದರಿಂದ ಹತ್ತಲು ಬಳಸುವ ಗೇರಿನಲ್ಲೇ ಇಳಿಯಬೇಕೆಂದು ಅನುಭವಿಗಳು ಹೇಳುವುದು. ಆಗ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ.

ಮಳೆಗಾಲದಲ್ಲಿ ಘಾಟಿಯೇ ಮುಚ್ಚಬಹುದು. ರಸ್ತೆಗಾಗಿ ಗುಡ್ಡದ ಬುಡ ಕಡಿದಾಗ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ದಿನಗಟ್ಟಲೆ ಸುರಿದ ಮಳೆ ಮಣ್ಣಿನ ಕಣಗಳ ನಡುವೆ ತುಂಬಿ ಅವುಗಳ ಹಿಡಿತವನ್ನು ಸಡಿಲಿಸುತ್ತದೆ. 2018ರ ಆಗಸ್ಟಿನಲ್ಲಿ ಶಿರಾಡಿಯಲ್ಲೂ ಮಡಿಕೇರಿ-ಸಂಪಾಜೆ ರಸ್ತೆಯಲ್ಲೂ, 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲೂ, 2024ರ ಜುಲೈನಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಪಲೆಯಲ್ಲೂ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಹೊರಡುವ ಮುನ್ನ ಜಿಲ್ಲಾಡಳಿತದ ಪ್ರಕಟಣೆ ಮತ್ತು ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಶಿರಾಡಿ ಮುಚ್ಚಿದ್ದರೆ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಇಳಿಯುವ ದಾರಿಯುಂಟು, ಆದರೆ ಒಂದು ಘಾಟಿಯನ್ನು ಮುಚ್ಚಿಸಿದ ಮಳೆ ಇನ್ನೊಂದರಲ್ಲೂ ಸುರಿಯುತ್ತಿರುತ್ತದೆ. ಸಾಲುಗಟ್ಟಿದ ವಾಹನಗಳ ನಡುವೆ ರಾತ್ರಿ ಸಿಕ್ಕಿಬಿದ್ದರೆ ಹಾಲು, ಬಿಸಿನೀರು, ಒಣಬಟ್ಟೆ ಎಲ್ಲಿಂದ ತರುವುದು? ಆರು ಗಂಟೆ ಹೆಚ್ಚಿಗೆ ಸಾಲುವಷ್ಟು ಇವೆಲ್ಲ ಕಾರಿನಲ್ಲಿರಬೇಕು. ಹಿಂತಿರುಗುವುದಕ್ಕೂ ಮನಸ್ಸು ಸಿದ್ಧವಿರಬೇಕು.

ನೆರವು ಎಲ್ಲಿದೆ?

ಯಾವುದೇ ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033. ಈ ಮೂರನ್ನೂ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಘಾಟಿಯ ಕೆಲವೆಡೆ ಮೊಬೈಲ್ ಸಂಕೇತ ಸಿಗದು, ಆದ್ದರಿಂದ ಕೊನೆಯದಾಗಿ ದಾಟಿದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ಗಮನಿಸಿರಿ. ಬೇರೆಯವರ ಅಪಘಾತ ಕಂಡಾಗ ನೆರವಿಗೆ ಹಿಂಜರಿಯಬೇಡಿ. ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಣೆ ನೀಡಿದೆ.

ನಿಮ್ಮ ಪಾಲಿನ ಕೆಲಸ

ಭಾವನ ಗಮನ ರಸ್ತೆಯ ಮೇಲೆ, ಅಕ್ಕನ ಕೈಯಲ್ಲಿ ಮಗು, ಅಜ್ಜಿಗೆ ಕಾಲುನೋವು. ಕಾರಿನಲ್ಲಿ ಬಿಡುವಾಗಿರುವವರು ನೀವೇ. ಒಂದು ಚಿಕ್ಕ ಪುಸ್ತಕದಲ್ಲಿ ಮಗು ಎಷ್ಟು ಹೊತ್ತಿಗೆ ಏನು ತಿಂದಿತು, ಎಷ್ಟು ನೀರು ಕುಡಿಯಿತು, ಕೊನೆಯ ಬಾರಿ ಮೂತ್ರವಾದದ್ದು ಯಾವಾಗ, ವಾಂತಿ ಭೇದಿ ಎಷ್ಟು ಸಲವಾಯಿತು ಎಂದು ಬರೆದಿಡಿ. ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ವೈದ್ಯರು ಮೊದಲು ಕೇಳುವ ಪ್ರಶ್ನೆಗಳು ಇವೇ. ಗಾಬರಿಯಲ್ಲಿರುವ ತಾಯಿಗೆ ನೆನಪಾಗದ್ದು ನಿಮ್ಮ ಪುಸ್ತಕದಲ್ಲಿರುತ್ತದೆ.

‘ನಿಲ್ಲಿಸೋಣ ಭಾವ, ಮಗು ಯಾಕೋ ಮಂಕಾಗಿದೆ’ ಎಂದು ಹೇಳುವ ಧೈರ್ಯವೂ ನಿಮಗಿರಬೇಕು. ಚಿಕ್ಕವರ ಮಾತೆಂದು ಒಮ್ಮೆ ತಳ್ಳಿಹಾಕಿದರೂ ಬರೆದಿಟ್ಟ ಲೆಕ್ಕ ತೋರಿಸಿದರೆ ಹಿರಿಯರು ಕೇಳುತ್ತಾರೆ. ಸಮುದ್ರ ನಾಳೆಯೂ ಅಲ್ಲೇ ಇರುತ್ತದೆ.

ಯೋಚಿಸಿ, ಮಾಡಿ ನೋಡಿ

1. ಕಾರಿನ ವೇಗ ಗಂಟೆಗೆ 80 ಕಿಲೋಮೀಟರ್ ಇದ್ದು, 0.1 ಸೆಕೆಂಡಿನಲ್ಲಿ ನಿಂತರೆ 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಎಷ್ಟು ಬಲ ಬೇಕು? ಲೆಕ್ಕ ಹಾಕಿ ಮನೆಯವರಿಗೆ ತೋರಿಸಿ.

2. ಬಿಸಿಲಿನಲ್ಲಿ ನಿಂತ ಖಾಲಿ ಕಾರಿನಲ್ಲಿ ಕೋಣೆಯ ಉಷ್ಣತಾಮಾಪಕವೊಂದನ್ನು ಇಟ್ಟು, ಹೊರಗಿನಿಂದಲೇ ಗಾಜಿನ ಮೂಲಕ ಐದು ನಿಮಿಷಕ್ಕೊಮ್ಮೆ ಅರ್ಧ ಗಂಟೆಯವರೆಗೆ ಅಂಕಿ ಬರೆದು ನಕ್ಷೆ ಎಳೆಯಿರಿ. ಏರಿಕೆ ಯಾವ ಹಂತದಲ್ಲಿ ಹೆಚ್ಚು?

3. ಹತ್ತಿರದ ಆರೋಗ್ಯ ಕೇಂದ್ರದಿಂದ ಓ.ಆರ್.ಎಸ್. ಪೊಟ್ಟಣ ತಂದು, ಅದರ ಮೇಲಿನ ವಿವರವನ್ನು ಈ ಲೇಖನದಲ್ಲಿರುವ ಸೂತ್ರದೊಡನೆ ಹೋಲಿಸಿ. ಮನೆಯವರೆಲ್ಲರ ಎದುರು ಸರಿಯಾದ ಕ್ರಮದಲ್ಲಿ ಕಲಸಿ ತೋರಿಸಿ.